ನಾಲ್ಕು ಬೆರಳು ಬಟ್ಟೆ

ಅಕ್ಕ ಕೋಟಿನ ಎರಡೂ ಅಂಚು ಹಿಡಿದು ಮತ್ತೊಮ್ಮೆ ಎಳೆದಳು. ಗುಂಡಿಗೂ ಕಾಜಕ್ಕೂ ನಡುವೆ ಇನ್ನೂ ಅಂಗೈಯಗಲ ಅಂತರವಿತ್ತು. ಮಂಚದ ಮೇಲೆ ಮಲಗಿದ್ದ ತಮ್ಮನ ಕೈಗಳು ಇಪ್ಪತ್ತು ವರ್ಷದ ನಡುಕ ನಿಂತು ಸುಮ್ಮನಿದ್ದವು.

“ಬಿಡು, ಮೇಲೊಂದು ಬಿಳಿ ಬಟ್ಟೆ ಹೊದಿಸಿದ್ರಾಯ್ತು,” ಎಂದ ದೊಡ್ಡಣ್ಣ. “ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುತ್ತೆ.”

“ಅವನೇ ಹೊಲ್ಕೊಂಡ ಕೋಟು. ಅದನ್ನೇ ಹಾಕ್ಬೇಕು.”

“ಹೊಲಿಯೋವಾಗ ಕಡ್ಡಿ ಥರ ಇದ್ದ. ಆ ಮಾತ್ರೆ ನುಂಗಿಸಿ ನುಂಗಿಸಿ ಊದಿಸ್ಬಿಟ್ಟೆ. ಕೊನೆಗೆ ಎದೆನೂ ನಿಂತೋಯ್ತು.”

ನಿನ್ನೆ ಬೆಳಗಿನಿಂದ ಅಕ್ಕನೂ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಿದ್ದಳು. ದಿನಾ ಊಟವಾದ ಮೇಲೆ ಪೊಲೀಸಿನವಳಂತೆ ಎದುರು ನಿಂತು, “ನುಂಗಿದ್ಯಾ? ನಾಲಿಗೆ ಎತ್ತು” ಎನ್ನುತ್ತಿದ್ದವಳು ಅವಳೇ. ಅವನು ಎತ್ತುತ್ತಿದ್ದ. ಮನಸ್ಸಿನಲ್ಲೇ ಬೈದುಕೊಂಡು ಎತ್ತುತ್ತಿದ್ದನೋ, ಒಪ್ಪಿ ಎತ್ತುತ್ತಿದ್ದನೋ, ಒಂದು ದಿನವೂ ಕೇಳಿರಲಿಲ್ಲ. ಇನ್ನು ಕೇಳುವಂತಿರಲಿಲ್ಲ.

*

“ಮಿದುಳಲ್ಲಿ ಸುದ್ದಿ ಸಾಗಿಸೋ ಒಂದು ರಸ ಇರುತ್ತೆ,” ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. “ಇವರಿಗೆ ಒಂದು ಕಡೆ ಅದು ಅತಿಯಾಗಿದೆ, ಇಲ್ಲದ ದನಿ ಕೇಳುತ್ತೆ. ಮಾತ್ರೆ ಅದಕ್ಕೆ ಅಡ್ಡ ನಿಲ್ಲುತ್ತೆ. ಆದ್ರೆ ಕೈಕಾಲು ಹತೋಟಿಲಿರೋಕೂ ಅದೇ ರಸ ಬೇಕು, ಅಲ್ಲೂ ಅಡ್ಡ ನಿಲ್ಲುತ್ತೆ. ನಡುಕ ಬರಬಹುದು. ಹಸಿವು ಹೆಚ್ಚಾಗಿ ಮೈ ಬರಬಹುದು.”

ಒಂದೂ ಬಿಡದೆ ಎಲ್ಲ ಬಂದವು. ಕಾಜ ಹಾಕುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ದರ್ಜಿಗೆ ಸೂಜಿಗೆ ದಾರ ಪೋಣಿಸುವುದೇ ದೊಡ್ಡ ಕೆಲಸವಾಯಿತು. ಕುಳಿತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. “ಹೇಗೂ ಆಡ್ತಾ ಇರುತ್ತೆ, ಮೆಷಿನ್ ಮೇಲಿಟ್ರೆ ಕೆಲಸವಾದ್ರೂ ಆಗುತ್ತೆ,” ಎಂದು ಅವನೇ ನಗಿಸುತ್ತಿದ್ದ.

ಒಂದು ಸಲ ಅಕ್ಕನಿಗೇ ಕರುಳು ಚುರುಕ್ಕೆಂದು, ಡಾಕ್ಟರಮ್ಮನಿಗೆ ಹೇಳದೆ ಮಾತ್ರೆ ನಿಲ್ಲಿಸಿದಳು. ನಡುಕ ಹೋಯಿತು. ಎರಡನೇ ತಿಂಗಳಲ್ಲಿ ಅವನು ಅಂಗಡಿಯಲ್ಲಿದ್ದ ನಲವತ್ತು ಪ್ಯಾಂಟುಗಳ ಜೇಬುಗಳನ್ನೆಲ್ಲ ಹೊಲಿದು ಮುಚ್ಚಿದ. ದನಿಗಳು ಅಲ್ಲಿಂದಲೇ ಬರುತ್ತಿದ್ದವಂತೆ. ಹೊಲಿಗೆ ಮಾತ್ರ ಕೂದಲೆಳೆಯಷ್ಟೂ ಡೊಂಕಿರಲಿಲ್ಲ. ಮಾರನೆಯ ದಿನದಿಂದ ಮತ್ತೆ ಮಾತ್ರೆ, ಮತ್ತೆ ನಾಲಿಗೆ.

*

ತಮ್ಮ ಕೆಲಸಕ್ಕಿದ್ದ ಅಂಗಡಿಯ ಕಟಿಂಗ್ ಮಾಸ್ಟರು ಬಂದು, ಕೋಟನ್ನು ನೋಡಿ, ಮೈಯಿಂದ ತೆಗೆಸಿದರು.

“ಎರಡು ಸಲ ಬಿಚ್ಚಿ ಅಗಲ ಮಾಡ್ಕೊಂಡಿದಾನೆ. ಒಳಗೆ ಮಡಚಿಟ್ಟ ಬಟ್ಟೆ ಮುಗಿದಿರುತ್ತೆ ಅಕ್ಕಾ. ನೋಡೋಣ.”

ಮಗ್ಗುಲ ಹೊಲಿಗೆ ಬಿಚ್ಚಿದರು. ಹಳೆಯ ಸೂಜಿತೂತುಗಳ ಮೂರು ಸಾಲು ಕಂಡವು. ಮೊದಲನೆಯದು ನೆಟ್ಟಗಿತ್ತು, ಉಳಿದವು ಅಂಕುಡೊಂಕು. ಅದರಾಚೆ ಬಣ್ಣ ಮಾಸದ ಹೊಸ ಬಟ್ಟೆಯೊಂದನ್ನು ಜೋಡಿಸಿ ಒಳಗೆ ಮಡಚಿಡಲಾಗಿತ್ತು. ನಾಲ್ಕು ಬೆರಳಗಲ. ಇನ್ನೊಂದು ಮಗ್ಗುಲಲ್ಲೂ ಅಷ್ಟೇ.

“ಇದನ್ನ ಯಾವಾಗ ಸೇರಿಸ್ದ?” ಎಂದಳು ಅಕ್ಕ.

“ಹೋದ ತಿಂಗಳು ಈ ಬಣ್ಣದ ತುಂಡು ಕೇಳಿ ಇಸ್ಕೊಂಡ. ಯಾಕಪ್ಪಾ ಅಂದೆ. ‘ಮಾತ್ರೆ ನಾನು ಬಿಡಲ್ಲ, ಹೊಟ್ಟೆ ನನ್ನ ಬಿಡಲ್ಲ, ಇನ್ನು ಹತ್ತು ವರ್ಷಕ್ಕಾಗೋವಷ್ಟು ಇರ್ಲಿ’ ಅಂದ.”

ನಿನ್ನೆಯಿಂದ ಬಾರದ ಅಳು ಅಕ್ಕನಿಗೆ ಈಗ ಬಂತು. ದೊಡ್ಡಣ್ಣ ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟ.

ಎರಡೂ ಮಗ್ಗುಲಲ್ಲಿ ಎರಡೆರಡು ಬೆರಳು ಅಗಲ ಮಾಡಿದರೆ ಸಾಕಾಯಿತು.

“ಮಿಕ್ಕಿದ್ದು ಕತ್ತರಿಸಿಬಿಡ್ಲಾ?” ಎಂದು ಮಾಸ್ಟರು ಕೇಳಿದರು.

“ಬೇಡ,” ಎಂದು ಅಕ್ಕ ಉಳಿದ ಎರಡು ಬೆರಳು ಬಟ್ಟೆಯನ್ನು ಹಾಗೇ ಒಳಗೆ ಮಡಚಿ ಹೊಲಿಯತೊಡಗಿದಳು.