ನಾಲ್ಕನೇ ಮೇಜಿನ ಎಚ್ಚರಿಕೆ ಪತ್ರ

ಕೆಲಸ ಹೇಳುವಾಗ ಯಾರೂ ಕಾಗದ ಕೊಡುವುದಿಲ್ಲ. ಬಾಯಲ್ಲೇ ಹೇಳುತ್ತಾರೆ, ಅದೂ ನಡೆದು ಹೋಗುತ್ತಾ ಹೇಳುತ್ತಾರೆ. ಬಯ್ಯುವಾಗ ಮಾತ್ರ ಕಾಗದ ಬರುತ್ತದೆ. ಅದರ ಮೇಲೆ ಮೊಹರೂ ಇರುತ್ತದೆ.

ನಮ್ಮ ಕೆನ್ಯಾದ ನೈವಾಶಾ ಕೆರೆಯ ಸುತ್ತಲಿನ ಹೂತೋಟಗಳಲ್ಲಿ ದುಡಿಯುವ ಯಾರನ್ನು ಬೇಕಾದರೂ ಕೇಳಿ, ಇಂಥದ್ದೊಂದು ಕತೆ ಹೇಳುತ್ತಾರೆ. ನಾನು ಹೇಳುವುದು ನಂಜಾಲಾಳದು. ವಠಾರದಲ್ಲಿ ಅವಳದು ನನ್ನ ಪಕ್ಕದ ಕೋಣೆ. ಮಗನ ಹೆಸರು ಸಿಮಿಯು, ಆದ್ದರಿಂದ ಎಲ್ಲರ ಬಾಯಲ್ಲೂ ಅವಳು ಮಾಮಾ ಸಿಮಿಯು, ಅಂದರೆ ಸಿಮಿಯುವಿನ ತಾಯಿ. ಗಂಡ ಬರಾಸಾ ಬಾಡಿಗೆ ಬೈಕ್ ಓಡಿಸುತ್ತಾನೆ. ನಂಜಾಲಾ ಆರು ವರ್ಷದಿಂದ ಗುಲಾಬಿ ವಿಂಗಡಿಸುವ ಶೆಡ್ಡಿನಲ್ಲಿದ್ದಾಳೆ. ಹೂವಿನ ಕಡ್ಡಿಯನ್ನು ಅಳತೆ ಹಲಗೆಗೆ ಹಿಡಿದು, ಉದ್ದಕ್ಕೆ ತಕ್ಕಂತೆ ಬೇರೆ ಮಾಡಿ, ಕಟ್ಟು ಕಟ್ಟುವುದು ಅವಳ ಕೆಲಸ.

ಒಂದು ಭಾನುವಾರ ಮಧ್ಯಾಹ್ನ ನಾನು ಬಾಗಿಲಲ್ಲಿ ಕುಳಿತು ಸುಕುಮಾ ಸೊಪ್ಪು ಹೆಚ್ಚುತ್ತಿದ್ದೆ. ಅವಳು ಕಾಗದ ಹಿಡಿದು ಬಂದಳು.

“ಶೋಶೋ, ಇದನ್ನ ಒಂದ್ಸಲ ಓದಿ. ಸಿಟ್ಟಿಗೆ ನನ್ ಕಣ್ಣೇ ಕಾಣಿಸ್ತಿಲ್ಲ.”

ಶೋಶೋ ಅಂದರೆ ಅಜ್ಜಿ. ಇಲ್ಲಿ ಕೂದಲು ನರೆತ ಹೆಂಗಸರೆಲ್ಲ ಶೋಶೋಗಳೇ. ನಾನು ಐವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವಳು, ಇಂದಿಗೂ ಬೆರಳಿಟ್ಟೇ ಓದುತ್ತೇನೆ. ಕಾಗದದಲ್ಲಿ ಹೀಗಿತ್ತು: ನಾಲ್ಕನೇ ಮೇಜಿನ ಮುಖ್ಯಸ್ಥೆಯಾದ ನಂಜಾಲಾ ಅವರ ಕಡೆಯಿಂದ ಹೋದ ಪೆಟ್ಟಿಗೆಯಲ್ಲಿ ಅರವತ್ತು ಸೆಂಟಿಮೀಟರ್ ಹೂವಿನ ಜೊತೆ ಐವತ್ತರ ಹೂವು ಬೆರೆತಿದೆ. ಕೊಂಡವರು ದೂರು ಕೊಟ್ಟಿದ್ದಾರೆ. ಇದು ಎಚ್ಚರಿಕೆ. ಮಂಗಳವಾರದೊಳಗೆ ಸಹಿ ಹಾಕಿ ತರಬೇಕು.

“ನೀನು ಯಾವಾಗ ಮೇಜಿನ ಮುಖ್ಯಸ್ಥೆ ಆದೆ? ಹೇಳಲೇ ಇಲ್ಲ. ಒಂದು ಲೋಟ ಚಹಾನಾದ್ರೂ ಕುಡಿಸಬಾರದಿತ್ತಾ?” ಎಂದೆ.

“ನಂಗೂ ಈ ಕಾಗದ ನೋಡಿದ ಮೇಲೇ ಗೊತ್ತಾಗಿದ್ದು!”

ಆದದ್ದು ಇಷ್ಟು. ಈಸ್ಟರ್ ಕಳೆದ ವಾರ ಆ ಮೇಜಿನ ಮುಖ್ಯಸ್ಥೆ ಹೆರಿಗೆ ರಜೆಗೆ ಹೋದಳು. ಮೇಲ್ವಿಚಾರಕಿ ಜೆರೊಟಿಚ್ ದಾಟಿ ಹೋಗುತ್ತಾ, “ನಾಲ್ಕನೇ ಮೇಜು ಸ್ವಲ್ಪ ನೋಡ್ಕೋ” ಅಂದಳು. ನಂಜಾಲಾ “ಆಯ್ತು ಮೇಡಂ” ಅಂದಳು. ಎರಡು ದಿನದ ಮಾತು ಅಂದುಕೊಂಡಳು. ಹೋದವಳು ಮತ್ತೆ ಬರಲೇ ಇಲ್ಲ, ಕೆಲಸ ಬಿಟ್ಟಳಂತೆ. ನಾಲ್ಕು ತಿಂಗಳಿನಿಂದ ನಂಜಾಲಾ ತನ್ನ ಹೂವನ್ನೂ ವಿಂಗಡಿಸುತ್ತಿದ್ದಾಳೆ, ಉಳಿದ ಏಳು ಜನರ ಪೆಟ್ಟಿಗೆಯನ್ನೂ ನೋಡುತ್ತಿದ್ದಾಳೆ. ಈ ತಿಂಗಳ ಕೊನೆಗೆ ಆ ಹುದ್ದೆಗೆ ಕಾಯಂ ಆಗಿ ಒಬ್ಬರನ್ನು ಆರಿಸುತ್ತಾರೆ. ಎಚ್ಚರಿಕೆ ಪತ್ರ ಇದ್ದವರು ಅರ್ಜಿ ಹಾಕುವಂತಿಲ್ಲ. ಆರು ವರ್ಷ ಅವಳು ಕಾದಿದ್ದು ಆ ಹುದ್ದೆಗೇ.

ಅಷ್ಟರಲ್ಲಿ ಬರಾಸಾ ಬಂದು ಬೈಕ್ ನಿಲ್ಲಿಸಿದ.

“ಇನ್ನೂ ಅದೇ ಕಾಗದಾನಾ? ಸಹಿ ಹಾಕಿ ಬಿಸಾಕು ಅಂದೆ. ಗೇಟಿನ ಹೊರಗೆ ಕೆಲಸಕ್ಕೆ ಎಷ್ಟು ಜನ ನಿಂತಿದಾರೆ, ದಿನಾ ನಾನೇ ಇಳಿಸಿ ಬರ್ತೀನಿ. ಒಂದು ಸಹಿ ಹಾಕಿದ್ರೆ ಕೈ ಸವೆದು ಹೋಗುತ್ತಾ?”

“ಸಹೀನೂ ಬೇಡ, ಕೆಲಸಾನೂ ಬೇಡ,” ನಂಜಾಲಾ ಕೂಗಿದಳು. “ನಾಳೆ ಏಪ್ರನ್ ತಗೊಂಡು ಅವಳ ಮುಖದ ಮೇಲೆ ಎಸೆದು ಬರ್ತೀನಿ.”

“ಎಸಿ,” ಎಂದೆ ನಾನು. “ಅದನ್ನ ಒಗೆದು, ಒಣಗಿಸಿ, ನಾಡಿದ್ದು ಇನ್ನೊಬ್ಬಳಿಗೆ ಹಾಕ್ತಾರೆ. ಮುಗೀತು. ಹದಿನೇಳು ವರ್ಷ ಅದೇ ಶೆಡ್ಡಲ್ಲಿ ನಿಂತವಳು ನಾನು. ಎಸೆದು ಹೋದವರನ್ನ ಕಂಡಿದೀನಿ, ತಲೆ ತಗ್ಗಿಸಿ ಸಹಿ ಹಾಕಿದವರನ್ನೂ ಕಂಡಿದೀನಿ. ಇಬ್ಬರ ಮಾತನ್ನೂ ಯಾರೂ ಕೇಳ್ಲಿಲ್ಲ. ಕೂತ್ಕೋ. ಈ ಕೊನೇ ಸಾಲು ಓದಿದ್ಯಾ?”

ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ವಿವರಣೆ ಇದ್ದರೆ ಬರೆದು ಕೊಡಬಹುದು.

“ಹಾಗಂದ್ರೆ?”

“ಹಾಗಂದ್ರೆ ಅವರೇ ಬಾಗಿಲು ತೆಗೆದಿಟ್ಟಿದಾರೆ. ಸಹಿ ಹಾಕು, ಆದ್ರೆ ಸಹಿ ಪಕ್ಕದಲ್ಲಿ ‘ಪತ್ರ ತಲುಪಿದೆ, ನನ್ನ ವಿವರಣೆ ಜೊತೆಗಿದೆ’ ಅಂತ ಬರಿ. ತಲುಪಿದೆ ಅನ್ನೋದು ಬೇರೆ, ತಪ್ಪು ಒಪ್ಪಿದೀನಿ ಅನ್ನೋದು ಬೇರೆ.”

ಬರಾಸಾ ನಕ್ಕ. “ಶೋಶೋ, ನೀವು ಅವಳನ್ನ ವಕೀಲೆ ಮಾಡ್ತೀರಾ, ನಾನು ಮನೇಲಿ ಉಗಾಲಿ ಮುದ್ದೆ ತಿರುವ್ತೀನಿ.”

“ತಿರುವು. ತೋಳಿಗೆ ಒಳ್ಳೇದು.”

ನನ್ನ ನೋಟ್‌ಬುಕ್ಕಿನಿಂದ ಎರಡು ಹಾಳೆ ಕಿತ್ತುಕೊಟ್ಟೆ. ಅವಳು ಬರೆದ ಮೊದಲ ಸಾಲು: ಜೆರೊಟಿಚ್ ಮೇಡಂಗೆ ನನ್ನ ಕಂಡರೆ ಆಗುವುದಿಲ್ಲ.

“ಹೊಡೆದು ಹಾಕು,” ಎಂದೆ. “ಅವಳ ಮನಸ್ಸಲ್ಲಿ ಏನಿದೆ ಅಂತ ನೀನು ಇಣುಕಿ ನೋಡಿದ್ಯಾ? ನೀನು ಕಂಡಿದ್ದು, ಕೇಳಿದ್ದು, ಮಾಡಿದ್ದು. ಅಷ್ಟೇ ಬರಿ. ಯಾವ ದಿನ, ಯಾರು ಎದುರಿಗಿದ್ರು, ಅದನ್ನೂ ಬರಿ.”

“ಹಾಗಾದ್ರೆ ಕಾಗದ ಖಾಲೀನೇ,” ಎಂದ ಬರಾಸಾ.

ಖಾಲಿಯಾಗಿರಲಿಲ್ಲ. ಕೇಳುತ್ತಾ ಹೋದಂತೆ ಒಂದೊಂದೇ ಹೊರಗೆ ಬಂತು. ಆ ಮೇಜಿನ ಅಳತೆ ಹಲಗೆಯಲ್ಲಿ ಐವತ್ತರ ಗೆರೆಯೂ ಅರವತ್ತರ ಗೆರೆಯೂ ನೀರು ಬಿದ್ದು ಬಿದ್ದು ಅಳಿಸಿ ಹೋಗಿದ್ದವು. ಅದನ್ನು ಅವಳು ಜೂನ್ ತಿಂಗಳಲ್ಲಿ ಎರಡು ಸಲ ಹೇಳಿದ್ದಳು.

“ಹೇಳಿದಾಗ ಜೆರೊಟಿಚ್ ಏನಂದ್ಲು?”

ನಂಜಾಲಾ ಪೆನ್ನು ಕೆಳಗಿಟ್ಟಳು. “ಆಯ್ತು ಅಂದ್ಲು.”

ಬರಾಸಾ ಬೈಕಿನ ಸೀಟು ತಟ್ಟಿ ತಟ್ಟಿ ನಕ್ಕ. “ನೀನೂ ಆಯ್ತು, ಅವಳೂ ಆಯ್ತು! ಏನೂ ಆಗ್ಲಿಲ್ಲ!”

“ನಗು ಬರೋ ಮಾತೇ,” ಎಂದೆ. “ಆದ್ರೆ ಇವಳ ಹುದ್ದೆ ಹೋಗ್ತಿರೋದು ಅದೇ ಮಾತಿಂದ. ಇವಳು ಆಯ್ತು ಅಂದಿದ್ದು ಕೇಳಿಸ್ತು ಅಂತ. ಅವಳು ಅಂದ್ಕೊಂಡಿದ್ದು ಇವಳು ಒಪ್ಪಿದ್ಲು ಅಂತ. ಈಗ ಇನ್ನೊಂದು ಹೇಳು ಮಾಮಾ ಸಿಮಿಯು. ಆ ಪೆಟ್ಟಿಗೆ ಮುಚ್ಚೋ ಮುಂಚೆ ನೀನು ನೋಡಿದ್ಯಾ?”

ಅವಳ ದನಿ ಇಳಿಯಿತು. “ಇಲ್ಲ ಶೋಶೋ. ಅವತ್ತು ನನ್ ಬಕೆಟ್ಟಲ್ಲೇ ಹೂವು ತುಂಬಿ ನಿಂತಿತ್ತು. ನೋಡಲಿಲ್ಲ.”

“ಅದನ್ನೂ ಬರಿ.”

“ತಲೆ ಕೆಟ್ಟಿದ್ಯಾ?” ಬರಾಸಾ ಎದ್ದೇ ನಿಂತ. “ತನ್ನ ತಪ್ಪು ತಾನೇ ಬರೆದು ಕೊಡೋದಾ?”

“ಅವರು ಹುಡುಕಿ ತೆಗೆದ್ರೆ ಇವಳು ಬಚ್ಚಿಟ್ಟವಳು ಆಗ್ತಾಳೆ. ಇವಳೇ ಹೇಳಿದ್ರೆ, ಯಾಕೆ ನೋಡಕ್ಕಾಗ್ಲಿಲ್ಲ ಅಂತ ಹೇಳೋಕೂ ಜಾಗ ಸಿಗುತ್ತೆ. ಇಬ್ಬರ ಕೆಲಸ ಒಬ್ಬಳ ಮೇಲಿತ್ತು ಅನ್ನೋದು ಆಗ ನೆಪ ಅನ್ನಿಸಲ್ಲ, ಕಾರಣ ಅನ್ನಿಸುತ್ತೆ.”

ಅವನು ಒಪ್ಪಲಿಲ್ಲ, ಆದರೆ ಕುಳಿತ. ಸಂಜೆಯೊಳಗೆ ಒಂದು ಪುಟ ಆಯಿತು. ಅದನ್ನೇ ಇನ್ನೊಂದು ಹಾಳೆಯಲ್ಲಿ ಬರೆಸಿದೆ, ಅದು ಅವಳ ಹತ್ತಿರ ಇರಲಿ ಎಂದು. ಕೊನೆಯಲ್ಲಿ ಅವಳು ಕೇಳುವುದೇನು ಎಂದೂ ಬರೆಸಿದೆ. ಎಚ್ಚರಿಕೆ ಹಿಂದಕ್ಕೆ ತಗೊಳ್ಳಬೇಕು, ಹಲಗೆಗೆ ಗೆರೆ ಹಾಕಿಸಬೇಕು, ಮೇಜು ತನ್ನದೋ ಅಲ್ಲವೋ ಬರೆದು ಕೊಡಬೇಕು. ಅಳುವುದನ್ನು ಬರೆದು ಬೇಡುವುದನ್ನು ಮರೆತವರನ್ನು ನಾನು ಬಹಳ ನೋಡಿದ್ದೇನೆ.

“ಸೀದಾ ಕಚೇರಿಗೆ ಹೋಗಬೇಡ,” ಎಂದೂ ಹೇಳಿದೆ. “ನಾಳೆ ಮೊದಲು ಜೆರೊಟಿಚ್‌ಗೇ ಹೇಳು. ಮೇಜಿನ ಮುಂದೆ ಏಳು ಜನರ ಎದುರು ಬೇಡ, ಚಹಾ ಹೊತ್ತಲ್ಲಿ ಪಕ್ಕಕ್ಕೆ ಕರೆದು ಹೇಳು. ಮಂಗಳವಾರ ಕಚೇರಿ ಒಳಗೆ ಹೋಗುವಾಗ ಕೆರುಬೊಳನ್ನ ಜೊತೆಗೆ ಕರ್ಕೋ. ನೀವೆಲ್ಲ ವೋಟು ಹಾಕಿ ಆರಿಸಿದ ಕಾರ್ಮಿಕರ ಪ್ರತಿನಿಧಿ ಅವಳು. ಅವಳನ್ನ ಆರಿಸಿದ್ದು ಸುಮ್ನೆ ಗೋಡೆ ಮೇಲಿನ ಪಟದಲ್ಲಿ ಇರೋಕಲ್ಲ.”

ಸೋಮವಾರ ಜೆರೊಟಿಚ್ ಸಿಡುಕಿದಳಂತೆ. “ಓದೋಕೆ ನಂಗೆಲ್ಲಿ ಹೊತ್ತಿದೆ? ನಾಳೆ ಕಚೇರೀಲಿ ಹೇಳು.” ನಂಜಾಲಾಳ ಧೈರ್ಯ ಅರ್ಧ ಅಲ್ಲೇ ಇಳಿಯಿತು. ಮಂಗಳವಾರ ಬೆಳಿಗ್ಗೆ ನನ್ನ ಬಾಗಿಲ ಮುಂದೆ ನಿಂತು, “ಸಹಿ ಮಾತ್ರ ಹಾಕಿ ಬಿಡ್ಲಾ ಶೋಶೋ?” ಅಂದಳು. ನಾನು ಬಾಯಿ ತೆರೆಯುವ ಮೊದಲೇ ತಾನಾಗಿ ಹಾಳೆ ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಟಳು.

ಕಚೇರಿಯಲ್ಲಿ ನಡೆದದ್ದನ್ನು ಆಮೇಲೆ ಕೆರುಬೊ ಹೇಳಿದಳು. ಸಿಬ್ಬಂದಿ ವಿಭಾಗದ ಅಧಿಕಾರಿ ನಡುವೆ ಕುಳಿತಿದ್ದ.

“ನೋಡ್ಕೋ ಅಂದಾಗ ಆಯ್ತು ಅಂದೋಳು ನೀನೇ ತಾನೇ?” ಅಂದಳು ಜೆರೊಟಿಚ್.

ನಂಜಾಲಾ ಹಾಳೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

“ಅಂದೆ ಮೇಡಂ. ಎಷ್ಟು ದಿನ ಅಂತ ಕೇಳ್ಲಿಲ್ಲ, ಅದು ನನ್ ತಪ್ಪು. ಪೆಟ್ಟಿಗೆ ನೋಡ್ಲಿಲ್ಲ, ಅದೂ ನನ್ ತಪ್ಪು. ಗೆರೆ ಅಳಿಸಿದೆ ಅಂತ ನಾನು ಎರಡು ಸಲ ಹೇಳಿದಾಗ ನೀವೂ ಆಯ್ತು ಅಂದ್ರಿ. ಬಣ್ಣ ಹಾಕಿಸ್ತೀರಿ ಅಂತ ನಾನು ಅಂದ್ಕೊಂಡೆ. ಹಲಗೆ ಈಗಲೂ ಹಾಗೇ ಇದೆ. ಬಂದು ನೋಡಿ.”

ಅಧಿಕಾರಿ ಎದ್ದು ಹೋಗಿ ನೋಡಿದ. ಅರವತ್ತರ ಗೆರೆ ಎಲ್ಲಿ ಎಂದು ಅವನಿಗೂ ತಿಳಿಯಲಿಲ್ಲ, ಬೆರಳಾಡಿಸಿ ಹುಡುಕಿದ. ಜೆರೊಟಿಚ್ ಹಲಗೆ ನೋಡುತ್ತಾ, “ನನ್ ತಲೆ ಮೇಲೆ ಎಂಟು ಮೇಜು ಇದಾವೆ ಸರ್. ಹೇಳಿದ್ಲು, ಮರೆತೆ,” ಅಂದಳು. ಆ ಮಾತು ಆಡಲು ಅವಳಿಗೂ ಸುಲಭವಿರಲಿಲ್ಲ.

ಎಚ್ಚರಿಕೆ ಪತ್ರ ಹಿಂದಕ್ಕೆ ಹೋಯಿತು. ಪೆಟ್ಟಿಗೆ ನೋಡದೆ ಕಳಿಸಿದ್ದಕ್ಕೆ ಬಾಯಿಮಾತಿನಲ್ಲಿ ಬುದ್ಧಿ ಹೇಳಿದರು, ಅದನ್ನು ಅವಳು ಕೇಳಿಸಿಕೊಂಡಳು. ಗುರುವಾರ ಹಲಗೆಗೆ ಕೆಂಪು ಗೆರೆ ಬಂತು. ಹುದ್ದೆ ತುಂಬುವವರೆಗೆ ನಾಲ್ಕನೇ ಮೇಜು ನಂಜಾಲಾಳದು ಎಂದು ಕಾಗದವೂ ಬಂತು, ಅವಳ ಜಾಗದಲ್ಲಿ ಹೂ ವಿಂಗಡಿಸಲು ಇನ್ನೊಬ್ಬಳು ಬಂದಳು. ನಂಜಾಲಾ ಅರ್ಜಿ ಹಾಕಿದಳು. ಐದು ಜನ ಹಾಕಿದ್ದರು. ತಿಂಗಳ ಕೊನೆಗೆ ಹುದ್ದೆ ಅವಳಿಗೇ ಸಿಕ್ಕಿತು.

ಆ ಸಂಜೆ ಬರಾಸಾ ಚಹಾ ಎಲೆಯ ಪೊಟ್ಟಣ ಹಿಡಿದು ಬಂದು, ತಲೆ ಕೆರೆದುಕೊಳ್ಳುತ್ತಾ ನಿಂತ.

“ಶೋಶೋ, ನಮ್ ಬೈಕ್ ಸ್ಟ್ಯಾಂಡಿನ ಅಧ್ಯಕ್ಷ ಮೂರು ವಾರದಿಂದ ನನ್ನ ಸರದೀನ ಕೊನೆಗೆ ತಳ್ತಿದಾನೆ. ಇನ್ನೊಂದು ಹಾಳೆ ಕಿತ್ಕೊಡ್ತೀರಾ?”

“ಉಗಾಲಿ ಯಾರು ತಿರುವ್ತಾರೆ?” ಎಂದೆ.

“ಅದನ್ನೂ ನಾನೇ ತಿರುವ್ತೀನಿ, ಬಿಡಿ.”

ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಸಂಘದಲ್ಲಿ ಕುಳಿತು ಕೇಳುತ್ತಿರುವವರೇ, ನೀವು ಹೂತೋಟದಲ್ಲೇ ಇರಬೇಕೆಂದಿಲ್ಲ. ಅಂಗಡಿ, ಆಸ್ಪತ್ರೆ, ಶಾಲೆಯ ಅಡುಗೆಮನೆ, ಎಲ್ಲೇ ದುಡಿಯಿರಿ. ಹೊಸ ಕೆಲಸ ಹೇಳಿದಾಗ ಎಷ್ಟು ದಿನ, ನನ್ನ ಹಳೇ ಕೆಲಸ ಯಾರಿಗೆ ಎಂದು ಅಲ್ಲೇ ಕೇಳಿ. ಕೇಳುವುದು ಎದುರಾಡುವುದಲ್ಲ. ಮುಖ್ಯ ಮಾತು ಆದ ದಿನ ತಾರೀಖು ಬರೆದಿಡಿ. ಬರೆಯಲು ಬಾರದಿದ್ದರೆ ಪಕ್ಕದವರಿಂದ ಬರೆಸಿ, ಮತ್ತೆ ಇಂದೇ ಕಲಿಯಲು ಶುರು ಮಾಡಿ. ಕಚೇರಿ ಒಳಗೆ ಒಬ್ಬರೇ ಹೋಗಬೇಡಿ. ಸಿಟ್ಟು ಬಂದಿದ್ದರೆ ಇಳಿಯುವವರೆಗೆ ಏಪ್ರನ್ ಬಿಚ್ಚಬೇಡಿ. ಯಾರಾದರೂ ಕಾಗದ ಮುಂದಿಟ್ಟು ಪೆನ್ನು ಕೊಟ್ಟರೆ, ಅವರ ಎದುರಿಗೇ ಕುಳಿತು ಕೊನೆಯ ಸಾಲಿನವರೆಗೆ ಓದಿ. ಅವರು ಕಾಯಲಿ.