ಟಿಟ್ಟಿಭದ ಸರಹದ್ದು

ಹರಳೆಣ್ಣೆ ತಿಕ್ಕಿದ ತೊಗಲು, ಅದರ ಹೊಲಿಗೆಯಲ್ಲಿ ಸಿಕ್ಕಿಕೊಂಡ ತಂಬಾಕಿನ ಪುಡಿ. ಸುಭದ್ರಾಬಾಯಿಗೆ ಹಕ್ಕಿ ಎಂದರೆ ಮೊದಲು ಈ ವಾಸನೆಯೇ ಮೂಗಿಗೆ ಬರುತ್ತಿತ್ತು. ನಿಜಾಮರ ಫೌಜಿನಲ್ಲಿದ್ದ ಅಜ್ಜ ಹಕ್ಕಿ ತೋರಿಸಲೆಂದು ದುರ್ಬೀನಿನ ಚೀಲ ಬಿಚ್ಚಿದಾಗಲೆಲ್ಲ ಪುಟ್ಟ ಸುಭದ್ರಾ ಅದರೊಳಗೆ ಮೂಗು ತೂರಿಸುತ್ತಿದ್ದಳು. ಈಗ ಅಜ್ಜ ಇಲ್ಲ, ದುರ್ಬೀನು ಅವಳದು. ಅವಳು ಕಲಿಸುವ ಭಾಲ್ಕಿಯ ಶಾಲೆಗೆ ಬೇಸಿಗೆ ರಜೆ ಬಿಟ್ಟೊಡನೆ ತನ್ನೂರು ಸಾಯಗಾಂವಕ್ಕೆ ಬಂದು, ದಿನಾ ಬೆಳಗ್ಗೆ ಊರಾಚೆಯ ಬೇವಿನ ಕೆಳಗೆ ಕೂತು ಅದೇ ಬೀಳು ಹೊಲ, ಅದೇ ಹಳ್ಳ, ಅವೇ ಹಕ್ಕಿಗಳನ್ನು ನೋಡುವುದು ರೂಢಿ.

ಆ ಬೇಸಿಗೆ ಹೊಲದ ನಡುವೆ ಟಿಟ್ಟಿಭದ ಜೋಡಿಯೊಂದು ಬರಿಯ ನೆಲದ ಮೇಲೆ ಮೊಟ್ಟೆ ಇಟ್ಟಿತ್ತು. ಗೊಬ್ಬರಕ್ಕೆಂದು ಅಲ್ಲಿ ರಾತ್ರಿ ಕುರಿಗಾರ ಧೊಂಡಿಬಾನ ಹಿಂಡನ್ನು ತರುಬಿಸಿ ಮಲಗಿಸುವುದೆಂದು ಮಾತಾಗಿತ್ತು. ಕುರಿ ಕಾಲಿಟ್ಟರೆ ಒಂದು ಮೊಟ್ಟೆಯೂ ಉಳಿಯದು. ಸುಭದ್ರಾ ನಾಲ್ಕು ಕಲ್ಲಿಗೆ ಸುಣ್ಣ ಬಳಿದು ಗುರುತಿಗೆಂದು ಮೊಟ್ಟೆಗಳ ಸುತ್ತಲೂ ಇಟ್ಟಳು.

ಬಿಳಿ ಕಲ್ಲು ಕಂಡು ಹೊಲದ ಯಜಮಾನ ಹಣಮಂತಪ್ಪ ಓಡೋಡಿ ಬಂದ. ಭಾಷಾವಾರು ರಾಜ್ಯಗಳಾಗುವಾಗ ಬೀದರ ಜಿಲ್ಲೆ ಒಡೆದು ಮೈಸೂರು, ಮುಂಬಯಿ, ಆಂಧ್ರಕ್ಕೆ ಹಂಚಿಹೋಗುತ್ತದೆಂದು ಊರೆಲ್ಲ ಅದೇ ಮಾತಾಗಿದ್ದ ಕಾಲ.

“ದಿನಾ ದುರ್ಬೀನ ಹಿಡ್ಕೊಂಡು ಕೂಡ್ತೀರಿ ಅಂದಾಗೇ ನನಗ ಅನುಮಾನ ಇತ್ರಿ ಅಕ್ಕೋರ. ಈ ಕಲ್ಲಿಂದ ಯಾ ಕಡಿ ಮೈಸೂರ, ಯಾ ಕಡಿ ಮುಂಬೈರಿ?”

ನಿಜ ಹೇಳಬಹುದಿತ್ತು. ಆದರೆ ಹೋದ ವರ್ಷ ಅವಳಿಗೆ ‘ಗುಬ್ಬಿ ಅಕ್ಕೋರು’ ಎಂದು ಹೆಸರಿಟ್ಟು ಕಟ್ಟೆಯಲ್ಲಿ ನಗಿಸಿದವನು ಇವನೇ.

“ಇನ್ನೂ ಪಕ್ಕಾ ಆಗಿಲ್ರಿ ಕಾಕಾ. ಅಲ್ಲೀತನಕ ಇಲ್ಲಿ ಕುರಿ ಕಾಲಿಡಬಾರ್ದು ನೋಡ್ರಿ.”

“ಕುರಿ ಯಾಕ್ರಿ, ಇರುವಿನೂ ಬಿಡಂಗಿಲ್ಲ.”

ಮರುದಿನ ದುರ್ಬೀನಿನಲ್ಲಿ ಮೊದಲು ಕಂಡದ್ದು ಹಕ್ಕಿಯಲ್ಲ, ರುಮಾಲು. ಹಣಮಂತಪ್ಪ ಒಂದು ಕಲ್ಲನ್ನು ಬಗಲಲ್ಲಿ ಅವುಚಿಕೊಂಡು ಇನ್ನೊಂದರತ್ತ ತೆವಳುತ್ತಿದ್ದ. ಕಲ್ಲುಗಳನ್ನು ಮುಂಬಯಿ ಕಡೆಯ ಪಡುವಣ ಬದುವಿಗೆ ಸಾಗಿಸಿಬಿಟ್ಟರೆ ಹೊಲವೆಲ್ಲ ಮೈಸೂರಿಗೇ ಎಂಬ ಲೆಕ್ಕ. ಇನ್ನೊಂದು ಮಾರು ತೆವಳಿದರೆ ಅವನ ಮೊಣಕಾಲು ಮೊಟ್ಟೆಯ ಮೇಲೆ. ತಾನು ಮಾಡಿದ ತುಂಟತನವೇ ಮೊಟ್ಟೆಗೆ ಮುಳುವಾಯಿತಲ್ಲ ಎಂದು ಸುಭದ್ರಾ ಎದ್ದು ಓಡಿದಳು.

ಅವಳಿಗಿಂತ ಮೊದಲು ಹಕ್ಕಿಗಳು ಬಂದವು. ಎರಡೂ ಕೂಗುತ್ತ ಅವನ ನೆತ್ತಿಗೆ ಎರಗಿದವು. ರುಮಾಲು ಉರುಳಿತು, ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಬೆಳಗಿನ ಬುತ್ತಿ ತಂದ ಅವನ ಹೆಂಡತಿ ಗಂಗುಬಾಯಿ ಕಲ್ಲುಗಳ ನಡುವೆ ಇಣುಕಿದಳು. ಮೊಟ್ಟೆ ನೋಡಿದಳು. ಏದುಸಿರು ಬಿಡುತ್ತ ನಿಂತ ಸುಭದ್ರಾಳ ಮುಖ ನೋಡಿದಳು. ನಗು ಕಾಣದಂತೆ ಸೆರಗನ್ನು ಬಾಯಿಗೊತ್ತಿಕೊಂಡಳು.

“ಸರಕಾರ ಈ ಹಕ್ಕಿ ಪಹರೇಕ ಇಟ್ಟದ, ಕಾಣಸಲ್ಲೇನು ನಿಮಗ?” ಎಂದು ಗಂಡನನ್ನು ಗದರಿದಳು. “ಮುಟ್ಟಿದ್ರ ಕಣ್ಣೇ ಕುಕ್ತಾವ. ಕಲ್ಲ ಇದ್ದಲ್ಲೇ ಇಟ್ಟು ನಡೀರಿ. ಕುರಿ ಹಳ್ಳದ ಕಡಿ ತರುಬು ಅಂತ ಧೊಂಡಿಬಾಗ ಹೇಳಿ ಬರ್ರಿ.”

“ನಾ ಇನ್ನಾ ಉಂಡಿಲ್ಲ.”

“ಕಲ್ಲ ಕದೀಲಾಕ ಹೋಗೂ ಮುಂದ ಹಸಿವಿ ಆಗಿದ್ದಿಲ್ಲ, ಈಗ ಆತೇನು?”

ಅವನು ಕಲ್ಲಿಟ್ಟು, ರುಮಾಲು ಝಾಡಿಸಿ, ತಲೆಯ ಮೇಲೆ ಕೈ ಇಟ್ಟುಕೊಂಡೇ ನಡೆದ. ಹಕ್ಕಿ ಮೊಟ್ಟೆಯ ಮೇಲಿಳಿದು ರೆಕ್ಕೆ ಸರಿಮಾಡಿಕೊಂಡು ಕೂತಿತು.

ಗಂಗುಬಾಯಿ ಸುಭದ್ರಾಳೊಡನೆ ಬೇವಿನ ನೆರಳಿಗೆ ಬಂದಳು. ಬುತ್ತಿ ಬಿಚ್ಚಿ, ಗಂಡನ ಪಾಲಿನ ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಇಟ್ಟು ಸುಭದ್ರಾಳ ಕೈಗೆ ಕೊಟ್ಟಳು.