ಗುಡಿಸಿಟ್ಟ ಏರುದಾರಿ

ದಿಬ್ಬದ ಓಣಿಗೆ ಬಸ್ಸು ಬರುವುದಿಲ್ಲ. ಸೇತುವೆಯ ತನಕ ಬಂದು, ಅಲ್ಲಿ ಒಂದು ಸುತ್ತು ಹೊಡೆದು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ಹಿಂದಿರುಗುತ್ತದೆ. ಅಲ್ಲಿಂದ ಮೇಲಕ್ಕೆ ನಡಿಗೆಯೇ ಗತಿ. ಆ ಓಣಿಯ ಹೆಂಗಸರು ಜಗಳ ಆಡುವುದಿದ್ದರೆ ಇಳಿಯುವಾಗಲೇ ಆಡಿ ಮುಗಿಸುತ್ತಾರೆ, ಹತ್ತುವಾಗ ಉಸಿರು ಸಾಲದು ಎಂದು ಕೆಳಗಿನವರು ನಗುತ್ತಾರೆ. ನಗುವವರ ಮನೆ ಮುಂದೆ ಬಸ್ಸು ನಿಲ್ಲುತ್ತದೆ, ಅವರಿಗೇನು.

ಕಾಜದಕ್ಕನ ಮನೆ ಈ ಏರಿನ ತುತ್ತತುದಿಯಲ್ಲಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಈಗ ಅದು ಅವಳಿಗೇ ನೆನಪಾಗುವುದು ಅಪರೂಪ. ಪೇಟೆಯ ಕಾರ್ಖಾನೆಯೊಂದು ದಪ್ಪ ಬಟ್ಟೆಯ ಕೋಟುಗಳನ್ನು ಹೊಲಿಸುತ್ತದೆ. ಆ ಬಟ್ಟೆಗೆ ಯಂತ್ರದ ಕಾಜ ಹಾಕಿದರೆ ನಾಲ್ಕು ದಿನಕ್ಕೆ ಬಾಯಿ ಬಿಡುತ್ತದೆ. ಅದಕ್ಕೇ ಗುಂಡಿ ತೂರಿಸುವ ಆ ಸೀಳುಗಳನ್ನು ಕೈಯಲ್ಲೇ ಕಟ್ಟಬೇಕು. ನೂಲಿಗೆ ಮೇಣ ತೀಡಿ, ಸುತ್ತ ಹೊಲಿಗೆ ಓಡಿಸಿ, ನಡುವೆ ಕತ್ತರಿಸಿ, ಅಂಚಿಗೆ ಗಂಟು ಗಂಟಾಗಿ ಬಿಗಿಯುತ್ತಾ ಬರಬೇಕು. ಕಾಜದಕ್ಕ ಮದುವೆಯಾಗಿ ಬಂದಂದಿನಿಂದ ಮಾಡುತ್ತಿದ್ದುದು ಇದನ್ನೇ. ಗಂಡ ಗಾರೆ ಕೆಲಸದವನು. ಅವನಿಗೆ ಕೆಲಸ ಇದ್ದ ದಿನ ಉಂಟು, ಇಲ್ಲದ ದಿನವೂ ಉಂಟು. ಮನೆ ನಿಂತಿದ್ದುದು ಅವಳ ಸೂಜಿಯ ಮೇಲೆ.

ಮೊದಲು ಕಾರ್ಖಾನೆಯ ವ್ಯಾನೇ ಕೋಟಿನ ಗಂಟು ತಂದು ಹಾಕುತ್ತಿತ್ತು. ಏರಿನ ಗುಂಡಿಯೊಂದರಲ್ಲಿ ಅದರ ಚಕ್ರ ಸಿಕ್ಕಿಕೊಂಡ ಮೇಲೆ, ಆ ಓಣಿಗೆ ಕಳಿಸುವುದಾದರೆ ನಾನು ಕೆಲಸ ಬಿಡುತ್ತೇನೆ ಎಂದ ಡ್ರೈವರು. ಅಂದಿನಿಂದ ಕಾಜದಕ್ಕ ಗಂಟನ್ನು ತಾನೇ ಹೊರುತ್ತಿದ್ದಳು. ಒಂದು ದಿನ ಇಳಿಯುವಾಗ ಮಂಡಿ ಕೈಕೊಟ್ಟಿತು. ಗಂಟು ಉರುಳಿ ಚರಂಡಿ ಸೇರಿತು.

ಕಾರ್ಖಾನೆಯ ಮೇಸ್ತ್ರಿ ಕೆಟ್ಟವನಲ್ಲ. ಒದ್ದೆ ಕೋಟುಗಳನ್ನು ಹರವಿ ನೋಡಿ ಹೇಳಿದ: "ಅಕ್ಕ, ನಿಮ್ಮ ಕೈಗೆ ನಾನು ಹೆಸರಿಡಲ್ಲ. ಕಾಲಿಗೆ ಏನು ಮಾಡ್ಲಿ, ಹೇಳಿ. ನಿಮ್ಮ ಓಣಿಗೆ ಬಸ್ಸು ಬರುತ್ತೆ ಅಂತ ಸುದ್ದಿ ಇದೆಯಲ್ಲ. ಬಂದ್ರೆ ಕೆಲಸ ನಿಮ್ಮದೇ. ಬರ್ಲಿಲ್ಲ ಅಂದ್ರೆ ಬಸ್ಸಿರೋ ಕಡೆ ಯಾರನ್ನಾದ್ರೂ ಹುಡುಕ್ತೀನಿ."

ಸುದ್ದಿ ನಿಜವೇ ಆಗಿತ್ತು. ಓಣಿಗಳ ರಸ್ತೆ ಸರಿಮಾಡಿ ಬಸ್ಸು ಓಡಿಸಲು ಸರ್ಕಾರ ಊರಿಗೆ ಅನುದಾನ ಕೊಟ್ಟಿತ್ತು. ಆದರೆ ಆ ದುಡ್ಡು ಒಂದು ಓಣಿಗೆ ಮಾತ್ರ ಸಾಲುವಂಥದ್ದು. ಒಂದೋ ದಿಬ್ಬದ ಓಣಿ, ಇಲ್ಲವೇ ಗೋದಾಮಿನ ಓಣಿ. ಯಾವುದಕ್ಕೆ ಹೆಚ್ಚು ಅಗತ್ಯ ಎಂದು ಎರಡನ್ನೂ ನೋಡಲು ಅಧಿಕಾರಿಗಳು ಬರುವವರಿದ್ದರು.

ಕಾಜದಕ್ಕನ ನಾದಿನಿಯನ್ನು ಕೊಟ್ಟಿದ್ದು ಗೋದಾಮಿನ ಓಣಿಗೆ. ಆ ಓಣಿಯ ಬಾಯಿಗೆ ಬಸ್ಸು ಆಗಲೇ ಬರುತ್ತಿತ್ತು. ಹಾಗಾಗಿ ದುಡ್ಡು ತಮಗೇ ಎಂಬುದರಲ್ಲಿ ದಿಬ್ಬದವರಿಗೆ ಅನುಮಾನವೇ ಇರಲಿಲ್ಲ.

ನಲ್ಲಿಯ ಹತ್ತಿರ ಮಾತಿಗೆ ಮಾತು ಬಂದಾಗ ಕಾಜದಕ್ಕನೇ ಅಂದಳು: "ದೊಡ್ಡ ಆಫೀಸಿನವರು ನಮ್ಮ ಓಣಿಗೆ ಕಾಲಿಡೋದು ಇದೇ ಮೊದಲು. ಈ ಗುಂಡಿ, ಈ ಕಸ, ಇದರಲ್ಲಿ ಅವರನ್ನ ನಡೆಸ್ಕೊಂಡು ಬರೋದಾ? ಇವರಿಗೆ ಯಾಕೆ ಬಸ್ಸು ಅಂತಾರೆ. ಕೊಟ್ಟಿದ್ದನ್ನ ಚೆನ್ನಾಗಿ ಇಟ್ಕೊಳ್ಳೋ ಜನ ಇವರು ಅಂತ ಅನ್ನಿಸಬೇಕು."

ಮಾತು ಎಲ್ಲರಿಗೂ ಹಿಡಿಸಿತು. ಮನೆಗೆ ನಾಲ್ಕು ಜನ ಬರುತ್ತಾರೆಂದರೆ ಹರಿದ ಚಾಪೆಯನ್ನು ಅಟ್ಟಕ್ಕೆ ಹಾಕಿ, ಪಕ್ಕದ ಮನೆಯ ಕುರ್ಚಿ ತಂದಿಡುವ ಜನ ಅವರು. ಬಡತನ ಒಳಗಿನದು, ಬಾಗಿಲಾಚೆಗಲ್ಲ.

ಗಂಡ ತನ್ನ ಜೊತೆಯವರನ್ನು ಕರೆದು ಹಳೇ ಗೋಡೆಯೊಂದನ್ನು ಒಡೆಸಿದ. ಆ ಕಲ್ಲು ಚೂರನ್ನೆಲ್ಲ ಗುಂಡಿಗಳಿಗೆ ಸುರಿದು, ಮೇಲೆ ಮಣ್ಣು ಹಾಕಿ, ನೀರು ಚಿಮುಕಿಸಿ, ದಿಮ್ಮಿಯಿಂದ ಬಡಿದರು. ಹೆಂಗಸರು ಏರನ್ನು ಬುಡದಿಂದ ತುದಿಯವರೆಗೆ ಗುಡಿಸಿದರು. ಕಾಜದಕ್ಕನ ಅತ್ತೆ ಮೆಟ್ಟಿಲು ಉಜ್ಜುತ್ತಾ, "ಅಂಗಿಗೆ ತೂತು ಕೊರೆಯೋಳು ರಸ್ತೆ ತೂತು ಮುಚ್ಚಿಸ್ತಾ ಇದಾಳೆ, ಕಲಿಗಾಲ ಕಣೆ," ಎಂದು ನಕ್ಕಳು. ಓಣಿಯಲ್ಲಿದ್ದ ಊರುಗೋಲಿನ ತಾತನಿಗೆ, ಅಂದು ಒಳಗೇ ಇರಿ ತಾತ, ಬಂದವರ ಎದುರು ಯಾಕೆ ಪಾಡು ಪಡ್ತೀರಿ ಎಂದು ಹೇಳಿ ಬಂದರು. ಬರುವವರಿಗೆ ಹತ್ತುವ ಕಷ್ಟ ಬೇಡವೆಂದು ಯಾರದೋ ಕಾರನ್ನು ಕೇಳಿ ಸೇತುವೆಯ ಬಳಿ ನಿಲ್ಲಿಸಿದರು. ಕಾಜದಕ್ಕ ಕೋಟಿನ ಗಂಟನ್ನು ಮಂಚದಡಿಗೆ ತಳ್ಳಿ, ಒಳ್ಳೆಯ ಸೀರೆ ಉಟ್ಟಳು.

ಬಂದದ್ದು ಒಬ್ಬರು ಮೇಡಂ, ಜೊತೆಗೆ ಇಬ್ಬರು. ಕಾರು ಸಲೀಸಾಗಿ ಮೇಲೆ ಬಂತು. ಮೇಡಂ ಇಳಿದವರೇ ರಸ್ತೆಯತ್ತ ನೋಡಿದರು.

"ಇದು ಯಾವಾಗ ರಿಪೇರಿ ಆಯ್ತು?"

"ಈಗೀಗ, ಮೇಡಂ," ಎಂದ ಗಂಡ.

"ಯಾರು ಮಾಡಿಸಿದ್ರು?"

"ನಾವೇ ಮಾಡ್ಕೊಂಡ್ವಿ. ಎಲ್ಲಾದಕ್ಕೂ ಸರ್ಕಾರದ ಕಡೆ ಬಾಯಿ ಬಿಟ್ಕೊಂಡು ಕೂರೋ ಜನ ಅಲ್ಲ ನಾವು."

ಹೇಳುವಾಗ ಅವನ ಎದೆ ಒಂದು ಗೇಣು ಉಬ್ಬಿತ್ತು. ಮೇಡಂ ತಲೆಯಾಡಿಸಿ, ಕಾಜದಕ್ಕನ ಕಡೆ ತಿರುಗಿದರು.

"ನಿಮಗೆ ಹತ್ತೋದು ಇಳಿಯೋದು ಕಷ್ಟ ಆಗಲ್ವಾಮ್ಮ?"

ಮಂಡಿಯ ನೋವು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಂದವರು ಇನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿಲ್ಲ, ಒಂದು ಲೋಟ ನೀರು ಕುಡಿದಿಲ್ಲ. ಅಷ್ಟರಲ್ಲೇ ಗೋಳು ತೋಡಿಕೊಳ್ಳುವುದೇ? ಅದೆಲ್ಲ ಆಮೇಲೆ ನಿಧಾನಕ್ಕೆ ಹೇಳಿದರಾಯಿತು.

"ಅಭ್ಯಾಸ ಆಗಿದೆ ಮೇಡಂ. ಮೊದಲು ನೀರು ಕುಡೀರಿ."

ಮೇಡಂ ನೀರು ಕುಡಿದರು. ಓಣಿ ಚೊಕ್ಕಟವಾಗಿದೆ, ಇಂಥ ಓಣಿ ನಾನು ನೋಡೇ ಇಲ್ಲ ಎಂದರು. ಅವರಿಗೆ ಇನ್ನೆಲ್ಲೋ ಹೋಗುವುದಿತ್ತು. ಆಮೇಲೆ ಎಂಬುದು ಬರಲೇ ಇಲ್ಲ. ಕಾರು ಇಳಿದು ಮರೆಯಾಗುವವರೆಗೂ ಓಣಿಯವರು ನಿಂತು ನೋಡಿದರು. ಆ ಸಂಜೆ ದಿಬ್ಬದ ಮೇಲೆ ಬಸ್ಸು ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ಅನುದಾನ ಗೋದಾಮಿನ ಓಣಿಗೆ ಹೋಯಿತು.

ಸುದ್ದಿ ತಂದವಳು ನಾದಿನಿಯೇ. ತವರಿಗೆ ಬಂದವಳು ಹೊಸ್ತಿಲ ಮೇಲೆ ಕೂತು, ಉಸಿರು ಹಿಂತಿರುಗುವವರೆಗೂ ಸೆರಗಿನಿಂದ ಗಾಳಿ ಹಾಕಿಕೊಂಡು, ಆಮೇಲೆ ನಗಲು ಶುರುಮಾಡಿದಳು.

"ನೀವು ಕಾರು ಕಳಿಸಿದ್ರಂತೆ ಅತ್ತಿಗೆ? ನಮ್ಮೋರು ಬಿಸಿಲಲ್ಲಿ ನಡೆಸಿದ್ರು. ಹಿಂದಿನ ದಿನ ತೊಟ್ಟಿ ನೀರೆಲ್ಲ ರಸ್ತೆಗೆ ಬಿಟ್ಟು ಕೆಸರು ಮಾಡಿದ್ರು. ಆ ಮೇಡಂ ಚಪ್ಪಲಿ ಒಂದು ಕಡೆ, ಮೇಡಂ ಒಂದು ಕಡೆ. ನಮ್ಮತ್ತೆ ಇದಾರಲ್ಲ, ಗುಂಡುಕಲ್ಲು ಇದ್ದಂಗಿದಾರೆ, ಅವರ ಕೈಗೂ ಒಂದು ಕೋಲು ಕೊಟ್ಟು ಸಾಲಲ್ಲಿ ನಿಲ್ಲಿಸಿದ್ವಿ. ಎಷ್ಟು ಚೆನ್ನಾಗಿ ನರಳಿದ್ರು ಅಂತೀರಾ."

"ನಾಚಿಕೆ ಆಗ್ಲಿಲ್ವೇನೆ?" ಎಂದಳು ತಾಯಿ.

"ಅತ್ತರೆ ತಾನೆ ಅಮ್ಮ ಹಾಲು. ನೀವು ತೊಟ್ಟಿಲಲ್ಲಿ ನಗ್ತಾ ಮಲಗಿದ್ರಿ."

ಕಾಜದಕ್ಕ ಮರುದಿನವೇ ಕಚೇರಿಗೆ ಹೋದಳು. ಉದ್ದನೆಯ ಬೆಂಚಿನ ಮೇಲೆ ಬಿಸಿಲು ಈ ಕಿಟಕಿಯಿಂದ ಆ ಕಿಟಕಿಗೆ ಸರಿಯುವ ತನಕ ಕಾದಳು. ಮೇಡಂಗೆ ಅವಳ ಗುರುತು ಸಿಕ್ಕಿತು, ಕೂರಲು ಹೇಳಿದರು.

"ಮೇಡಂ, ಆ ರಸ್ತೆ ಹಾಗಿರಲಿಲ್ಲ. ನೀವು ಬರ್ತೀರಿ ಅಂತ ನಾವು ಮುಚ್ಚಿದ್ದು."

"ಗೊತ್ತಾಯ್ತಮ್ಮ. ನಿಮ್ಮವರೇ ಹೇಳಿದ್ರಲ್ಲ. ಅದನ್ನೂ ಬರೆದಿದೀನಿ, ಈ ಓಣಿಯವರಿಗೆ ಸ್ವಂತವಾಗಿ ಮಾಡ್ಕೊಳ್ಳೋ ಶಕ್ತಿ ಇದೆ ಅಂತ. ಹೊಗಳಿಯೇ ಬರೆದಿದೀನಿ."

"ಗೋದಾಮಿನ ಓಣಿಯ ಕೆಸರು ಕೂಡ ಅವರೇ ಮಾಡಿದ್ದು."

"ಇರಬಹುದು. ನಾನು ಕಂಡಿದ್ದು ಕೆಸರು." ಮೇಡಂ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ನಿಮ್ಮನ್ನ ನಾನು ಕೇಳ್ದೆ ಅಲ್ವಾ, ಕಷ್ಟ ಆಗಲ್ವಾ ಅಂತ?"

ಕೇಳಿದ್ದು ನಿಜ. ಜೀವಮಾನದಲ್ಲಿ ಕಾಜದಕ್ಕನನ್ನು ಹಾಗೆ ಕೇಳಿದ್ದು ಆ ಹೆಂಗಸೊಬ್ಬಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು, ಅದನ್ನೂ ತೊಳೆದು ಒರೆಸಿ ಹಾಕಿಕೊಂಡಿದ್ದಳು.

"ಇನ್ನೊಂದು ಸಲ ದುಡ್ಡು ಬಂದಾಗ ನೋಡೋಣ," ಎಂದರು ಮೇಡಂ. ಯಾವಾಗ ಬರುತ್ತದೆ ಎಂದು ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಮೊದಲ ಮಳೆಗೆ ಗುಂಡಿಗಳ ಮಣ್ಣೆಲ್ಲ ಸೇತುವೆಗೆ ಇಳಿಯಿತು. ಒಡೆದ ಗೋಡೆಯ ಚೂರುಗಳು ಮಾತ್ರ ಹಲ್ಲು ಕಿರಿದುಕೊಂಡು ನಿಂತವು. ಮೊದಲಾದರೂ ಗುಂಡಿ ತಪ್ಪಿಸಿ ಕಾಲಿಡಬಹುದಿತ್ತು, ಈಗ ಅದೂ ಕಷ್ಟ. ಮೇಸ್ತ್ರಿ ಕೊನೆಯ ಗಂಟನ್ನು ಒಪ್ಪಿಸಿಕೊಂಡು, ತಲೆ ತಗ್ಗಿಸಿ, "ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದ.

ಗೋದಾಮಿನ ಓಣಿಯೊಳಗೆ ಹೊಸ ಬಸ್ಸು ಓಡಲು ಶುರುವಾದ ಮೇಲೆ ಒಂದು ದಿನ ನಾದಿನಿಯ ಫೋನು ಬಂತು.

"ಅತ್ತಿಗೆ, ಮೇಸ್ತ್ರಿ ಕೋಟಿನ ಕೆಲಸ ನಂಗೆ ಕೊಟ್ಟಿದಾನೆ. ಬರುತ್ತೆ ಅಂತ ಒಪ್ಕೊಂಡ್ಬಿಟ್ಟೆ. ನಂಗೆಲ್ಲಿ ಬರುತ್ತೆ ಕಾಜ. ನೀವೇ ಹೊಲ್ದುಕೊಡಿ, ಬಂದಿದ್ದರಲ್ಲಿ ಅರ್ಧ ನಿಮ್ಗೆ."

"ಹೊಲಿಯೋಳು ನಾನು, ಅರ್ಧ ಯಾಕೆ?"

"ತಂದು ಒಪ್ಪಿಸೋಳು ನಾನಲ್ವಾ? ಒಪ್ಪಿಸೋಕೆ ಆಗ್ದೆ ತಾನೆ ಕೆಲಸ ನಿಮ್ಮ ಕೈ ಬಿಟ್ಟಿದ್ದು. ಸೇತುವೆ ಹತ್ರ ಬಂದ್ಬಿಡಿ, ಬಸ್ಸು ಅಲ್ಲೇ ಹಾದುಹೋಗುತ್ತೆ. ಆ ಏರು ಹತ್ತೋದು ನನ್ನ ಕೈಲಾಗಲ್ಲಪ್ಪ."

ಅತ್ತೆಗೆ ಎಲ್ಲ ಕೇಳಿಸಿತ್ತು. "ಬೇಡ ಅನ್ನು," ಎಂದಳು. "ನನ್ನ ಹೊಟ್ಟೇಲಿ ಹುಟ್ಟಿದ್ದು ಅಂತ ನೋಡ್ಬೇಡ. ಮುಖಕ್ಕೆ ಹೊಡೆದಂಗೆ ಹೇಳು."

"ಹೇಳ್ಬಹುದು ಅತ್ತೆ. ಆಮೇಲೆ ಒಲೆ ಮೇಲೆ ಏನಿಡ್ಲಿ, ನನ್ನ ಮಾನಾನಾ?"

ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಅಂದು ಊಟಕ್ಕೆ ಏಳಲಿಲ್ಲ.

ಹೀಗೆ ಕಾಜದಕ್ಕನ ಕೈಗೆ ಅದೇ ಕೋಟುಗಳು ಮರಳಿ ಬಂದವು. ಗಂಟಿನ ಭಾರವೂ ಅಷ್ಟೇ, ಏರೂ ಅಷ್ಟೇ. ಕೂಲಿ ಮಾತ್ರ ಅರ್ಧ. ಸೇತುವೆಯ ಕಟ್ಟೆಗೆ ಒರಗಿ ಅವಳು ಬಸ್ಸಿಗೆ ಕಾಯುತ್ತಾಳೆ. ಬಣ್ಣ ಇನ್ನೂ ಮಾಸದ ಬಸ್ಸು. ನಾದಿನಿ ಇಳಿಯುವುದಿಲ್ಲ, ಇಳಿದರೆ ಸೀಟು ಹೋಗುತ್ತದೆ. ಡ್ರೈವರು ಇಂಜಿನ್ ಆರಿಸದೆ ಗೊಣಗುತ್ತಿರುವಾಗ ಮುಗಿದ ಗಂಟು ಬಾಗಿಲಿನಿಂದ ಒಳಗೆ, ಹೊಸ ಗಂಟು ಹೊರಗೆ.

ಮೊನ್ನೆ ಗಂಟು ಕೊಟ್ಟ ನಾದಿನಿ ಕಿಟಕಿಯಿಂದ ತಲೆ ಹೊರಹಾಕಿದಳು.

"ಹೋದ ಸಲದ್ದರಲ್ಲಿ ಒಂದು ಕಾಜ ಸಡಿಲ ಇತ್ತು ಅತ್ತಿಗೆ. ಸ್ವಲ್ಪ ನಿಗಾ ಇಟ್ಟು ಮಾಡಿ."

"ಯಾರಂದಿದ್ದು, ಮೇಸ್ತ್ರಿನಾ?"

"ಅವನ್ಯಾಕೆ ನೋಡ್ತಾನೆ. ನಾನೇ ನೋಡ್ದೆ."

ಬಸ್ಸು ಹೊರಟಿತು. ಪಕ್ಕದಲ್ಲಿ ಇನ್ಯಾವುದೋ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಅದರ ಹಿಂದೆಯೇ ನೋಡುತ್ತಾ ಕೇಳಿದಳು.

"ಯಾರಕ್ಕ ಅದು, ತಂಗೀನಾ?"

"ಅಲ್ಲ," ಎಂದಳು ಕಾಜದಕ್ಕ, ಗಂಟನ್ನು ಸೊಂಟಕ್ಕೇರಿಸಿಕೊಳ್ಳುತ್ತಾ. "ನಮ್ಮ ಮೇಸ್ತ್ರಿ."